ಅಜ್ಜನ ಕಾಲದ ರೇಷ್ಮೆ ಹುಲಿಯ ಪಟ: ಹೊಲಿದದ್ದೋ, ನೇಯ್ದದ್ದೋ? ಕೊಡಗಿನ ಮಳೆಯಲ್ಲಿ ಇದನ್ನು ಉಳಿಸಿಕೊಳ್ಳುವುದು ಹೇಗೆ?

ನಡುಬಾಡೆ (ವಿರಾಜಪೇಟೆ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯ ಹತ್ತಿರವಿರುವ ನಮ್ಮ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ, ಎಂದರೆ ಕುಲದ ಮನೆಯ ನಡುವಿನ ಹಜಾರದಲ್ಲಿ, ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಒಂದು ರೇಷ್ಮೆಯ ಪಟ ತೂಗುತ್ತಿತ್ತು. ಸುಮಾರು ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ಬಿದಿರು ಮೆಳೆಯಿಂದ ಹೊರಬಂದ ಹುಲಿಯೊಂದು ತೊರೆಯ ದಡದಲ್ಲಿ ನೀರಿಗೆ ಬಾಯಿಟ್ಟಿದೆ. ಎಡಗಡೆಯಲ್ಲಿ ಉದ್ದ ಎಲೆಗಳ ಗಿಡವೊಂದರಲ್ಲಿ ಬೂದುಬಣ್ಣದ ಮೂರು ಹೂವುಗಳಿವೆ. ಮನೆಯಲ್ಲಿ ಎಲ್ಲರೂ ಇದನ್ನು ‘ನರಿ ಪಟ’ ಎಂದೇ ಕರೆಯುವುದು. ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ ಎಂಬುದನ್ನು ತಿಳಿಯದ ಮೈಸೂರಿನ ನೆಂಟರು, ನಾವು ಹುಲಿಯನ್ನೇ ಕಂಡವರಲ್ಲ ಎಂದುಕೊಂಡು ನಗುತ್ತಿದ್ದರು.

ಪಟವನ್ನು ತಂದವರು ನನ್ನ ತಂದೆಯ ತಂದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಭಾರತೀಯ ಪಡೆಯಲ್ಲಿ ಅವರಿದ್ದರು. 1947ರಲ್ಲಿ ಮರಳುವಾಗ ಇದನ್ನು ತಂದರೆಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. ಬೆಲೆಯ ವಿಚಾರ ಅಜ್ಜ ಯಾರಿಗೂ ಹೇಳಲಿಲ್ಲವಂತೆ.

ಕಳೆದ ಕಕ್ಕಡ ಎಂಬ ಮಳೆ ತಿಂಗಳಲ್ಲಿ ಹೆಂಚು ಸರಿದು ಗೋಡೆ ನೆನೆದಾಗ ಪಟವನ್ನು ಇಳಿಸಬೇಕಾಯಿತು. ಬೆಳಕಿಗೆ ಹಿಡಿದು ನೋಡಿದಾಗಲೇ ತಿಳಿದದ್ದು: ಹುಲಿಯ ಮೈಯ ಕಿತ್ತಳೆ ಬಣ್ಣ ಗಟ್ಟಿಯಾಗಿಯೇ ಇದೆ, ಆದರೆ ಕಪ್ಪು ಪಟ್ಟೆಗಳು ಅಲ್ಲಲ್ಲಿ ಉದುರಿ ಗಾಜಿನ ಒಳಗಡೆ ಪುಡಿಯಾಗಿ ಬಿದ್ದಿವೆ. ಉದುರಿದ ಜಾಗದಲ್ಲಿ ಬಟ್ಟೆಯ ಮೇಲೆ ಶಾಯಿಯಿಂದ ಎಳೆದ ಸಣ್ಣ ಗೆರೆಗಳು ಕಾಣುತ್ತವೆ. ಮೇಲಿನ ಮೂಲೆಯಲ್ಲಿ ಕಂದು ಚುಕ್ಕೆಗಳೂ ಬೂಷ್ಟಿನ ಬಿಳಿ ಪೊರೆಯೂ ಇವೆ.

ಪೇಟೆಯ ಕಟ್ಟು ಹಾಕುವ ಅಂಗಡಿಯವರಿಗೆ ತೋರಿಸಿದೆ. ಅಂಟುವಾಳದ ನೀರಿನಲ್ಲಿ ಅದ್ದಿ ತೊಳೆದು, ಹಲಗೆಗೆ ಅಂಟಿಸಿ, ಮೇಲೆ ಲ್ಯಾಮಿನೇಷನ್ ಮಾಡಿಕೊಡುತ್ತೇವೆ, ನೂರು ವರ್ಷ ಏನೂ ಆಗುವುದಿಲ್ಲ ಎಂದರು. ಮನಸ್ಸು ಒಪ್ಪಲಿಲ್ಲ. ಈ ನಡುವೆ ಕೆನಡಾದಲ್ಲಿರುವ ನನ್ನ ಚಿಕ್ಕಪ್ಪನ ಮಗ, ಇಲ್ಲಿದ್ದರೆ ಹಾಳಾಗುತ್ತದೆ, ಮುಂದಿನ ಸಲ ಬಂದಾಗ ನಾನೇ ಕೊಂಡೊಯ್ಯುತ್ತೇನೆ ಎನ್ನುತ್ತಿದ್ದಾನೆ. ಈ ಪಟ ಹೊಲಿದದ್ದೋ, ನೇಯ್ದದ್ದೋ, ಅಚ್ಚು ಹಾಕಿದ್ದೋ ಎಂಬುದನ್ನು ಮನೆಯಲ್ಲೇ ತಿಳಿಯುವುದು ಹೇಗೆ? ನಿಜವಾಗಿ ಎಷ್ಟು ಹಳೆಯದಿರಬಹುದು? ತೊಳೆಯಬಹುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಎಳೆಗಣ್ಣು (ಮೈಸೂರು) ಅವರ ಉತ್ತರ

ಮೊದಲನೆಯ ಮಾತು: ತೊಳೆಯಬೇಡಿ. ಉಳಿದದ್ದನ್ನು ಸಾವಧಾನವಾಗಿ ಮಾತನಾಡೋಣ. ನಾನು ಹಳೆಯ ಬಟ್ಟೆಗಳ ದುರಸ್ತಿಯ ಕೆಲಸದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದ್ದವಳು. ಈಗ ಕಣ್ಣು ಮೊದಲಿನಂತಿಲ್ಲವಾದ್ದರಿಂದ ಸಲಹೆ ಕೊಡುವುದಷ್ಟೇ ಉಳಿದಿದೆ.

ನೀವು ಬರೆದದ್ದನ್ನು ನೋಡಿದರೆ ಇದು ಕೈಕಸೂತಿಯ ಪಟ. ಶಾಯಿಯ ಗೆರೆಗಳೇ ಅದಕ್ಕೆ ಸಾಕ್ಷಿ. ನೇಯ್ದ ಚಿತ್ರದಲ್ಲಿ ಬಟ್ಟೆಯೇ ಚಿತ್ರ. ಎಳೆ ಹೋದರೆ ಅಲ್ಲಿ ತೂತು ಬೀಳುತ್ತದೆಯೇ ಹೊರತು ಕೆಳಗೆ ಇನ್ನೊಂದು ಚಿತ್ರ ಕಾಣುವುದಿಲ್ಲ. ಕಸೂತಿಯಲ್ಲಿ ಮಾತ್ರ ಮೊದಲು ಚಿತ್ರಕಾರ ಬಟ್ಟೆಯ ಮೇಲೆ ರೇಖೆ ಎಳೆದುಕೊಡುತ್ತಾನೆ, ಆಮೇಲೆ ಸೂಜಿಯವರು ಅದನ್ನು ಮುಚ್ಚುತ್ತಾರೆ. ಭೂತಗನ್ನಡಿ ಹಿಡಿದು ಹುಲಿಯ ಭುಜದ ಭಾಗವನ್ನು ನೋಡಿ. ಹೊಲಿಗೆಗಳು ಒಂದು ಉದ್ದ, ಒಂದು ಗಿಡ್ಡ ಎಂಬಂತೆ ಒಂದರೊಳಗೊಂದು ಹೊಕ್ಕಿದ್ದು, ರೋಮ ಹೊರಳುವ ದಿಕ್ಕಿಗೇ ಹೊರಳುತ್ತಿದ್ದರೆ ಕೈ ಪಳಗಿದ ಕೆಲಸಗಾರರ ಪಟವೆಂದು ತಿಳಿಯಿರಿ. ಇನ್ನೂ ಒಂದು ಸಂಗತಿ ಇದೆ. ಜಪಾನಿನ ಕಸೂತಿಯವರು ಹುರಿಯಿಲ್ಲದ ಚಪ್ಪಟೆ ಎಳೆಯನ್ನೂ ಹುರಿ ಹಾಕಿದ ಎಳೆಯನ್ನೂ ಒಂದೇ ಪಟದಲ್ಲಿ ಬಳಸುತ್ತಾರೆ. ಹುರಿಯಿಲ್ಲದ ಎಳೆ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ, ಹುರಿ ಹೆಚ್ಚಿದಷ್ಟೂ ಹೊಳಪು ಮಂಕಾಗುತ್ತದೆ. ಆದ್ದರಿಂದ ಬಣ್ಣವನ್ನು ಬದಲಿಸದೆ, ಹುರಿಯನ್ನೂ ಹೊಲಿಗೆಯ ದಿಕ್ಕನ್ನೂ ಬದಲಿಸಿಯೇ ಅವರು ನೆರಳು ಬೆಳಕನ್ನು ತರಬಲ್ಲರು. ಪಟದ ಮುಂದೆ ಎಡದಿಂದ ಬಲಕ್ಕೆ ನಡೆದು ನೋಡಿ: ಹುಲಿಯ ಮೈ ಸರಿದಾಡಿದಂತೆ ಕಂಡರೆ ಅದು ಈ ಎಳೆಗಳ ಆಟ. ಅಚ್ಚು ಹಾಕಿದ ಪಟ ಎಲ್ಲಿ ನಿಂತು ನೋಡಿದರೂ ಒಂದೇ ತರಹ ಕಾಣುತ್ತದೆ.

ಇತಿಹಾಸ ಇಷ್ಟು. 1868ರಲ್ಲಿ ಮೇಜಿ ಆಳ್ವಿಕೆ ಬಂದು ರಾಜಧಾನಿ ಟೋಕಿಯೋಗೆ ಹೋದಾಗ ಕ್ಯೋಟೋದ ಕಸೂತಿ ಮನೆತನಗಳಿಗೆ ಹಳೆಯ ಗಿರಾಕಿಗಳು ಇಲ್ಲವಾದರು. ಕಿಮೋನೊ ಮತ್ತು ದೇವಾಲಯದ ಬಟ್ಟೆ ಹೊಲಿಯುತ್ತಿದ್ದ ಕೈಗಳು ಪರದೇಶದ ಗೋಡೆಗಳಿಗಾಗಿ ಪಟ ಹೊಲಿಯತೊಡಗಿದವು. 1873ರ ವಿಯೆನ್ನಾ, 1876ರ ಫಿಲಡೆಲ್ಫಿಯಾ, 1893ರ ಶಿಕಾಗೊ ಮೇಳಗಳಲ್ಲಿ ಜಪಾನಿನ ಕಸೂತಿ ಜನರ ಕಣ್ಣು ಸೆಳೆಯಿತು. ಇಂದು ದೊಡ್ಡ ಅಂಗಡಿಗಳ ಹೆಸರಾಗಿರುವ ತಕಾಶಿಮಾಯ ಕೂಡ ಆ ಕಾಲದಲ್ಲಿ ಇಂತಹ ಪಟಗಳನ್ನು ಮಾಡಿಸಿ ಮಾರುತ್ತಿತ್ತು. ಹುಲಿ, ನವಿಲು, ಹದ್ದು ಇವು ಗಿರಾಕಿಗಳ ಅಚ್ಚುಮೆಚ್ಚು. ಜಪಾನಿನ ಕಾಡಿನಲ್ಲಿ ಹುಲಿಯೇ ಇಲ್ಲ. ಚೀನಾದ ಚಿತ್ರಗಳನ್ನೂ ಆಮದಾದ ಹುಲಿಚರ್ಮಗಳನ್ನೂ ನೋಡಿ ಚಿತ್ರಿಸುವ ಪರಂಪರೆ ಅಲ್ಲಿ ಬಹಳ ಹಳೆಯದು. ಹಾಗಾಗಿ ಕೆಲವು ಹುಲಿಗಳ ಮುಖ ಸಾಕು ಬೆಕ್ಕಿನಂತೆ ಇರುತ್ತದೆ. ನಿಮ್ಮ ಹುಲಿಯ ಮುಖ ಹೇಗಿದೆಯೋ, ಹುಲಿ ಕೊಂದವನಿಗೆ ‘ನರಿ ಮಂಗಲ’ ಮಾಡಿ ಗೌರವಿಸುತ್ತಿದ್ದ ನಾಡಿನವರು ನೀವೇ ಹೇಳಬೇಕು.

ಕಪ್ಪು ಪಟ್ಟೆ ಮಾತ್ರ ಉದುರಿರುವುದು ನನಗೆ ಬಹಳ ಕುತೂಹಲದ ವಿಷಯ. ಹಳೆಯ ಪದ್ಧತಿಯಲ್ಲಿ ರೇಷ್ಮೆಗೆ ಕಪ್ಪು ಬಣ್ಣ ಕೊಡುತ್ತಿದ್ದದ್ದು ಮರದ ಚೊಗರು ಮತ್ತು ಕಬ್ಬಿಣದ ಸಂಯೋಗದಿಂದ. ಆ ಕಬ್ಬಿಣವೇ ದಶಕಗಳ ಕಾಲ ಎಳೆಯನ್ನು ಒಳಗಿನಿಂದ ಸುಡುತ್ತಾ ಬರುತ್ತದೆ. ಒಂದೇ ಪಟದಲ್ಲಿ ಕಿತ್ತಳೆ ಎಳೆ ಗಟ್ಟಿಯಾಗಿದ್ದು ಕಪ್ಪು, ಕಡುಗಂದು ಎಳೆಗಳು ಹುಡಿಯಾಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಇದು ಹಳೆಯ ಕೆಲಸದ ಕಡೆಗೆ ಬೆರಳು ತೋರಿಸುತ್ತದೆ, ಆದರೆ ಅದೊಂದನ್ನೇ ಹಿಡಿದು ವರ್ಷ ಹೇಳುವವರನ್ನು ನಂಬಬೇಡಿ. ಪಟದ ಹಿಂಬದಿಯನ್ನು ನೋಡುವವರೆಗೆ ನಾನೂ ಹೇಳುವುದಿಲ್ಲ.

ತೋಟದ ದಾರಿ (ಪಾಲಿಬೆಟ್ಟ) ಅವರ ಉತ್ತರ

ಹಿಂಬದಿಯ ಮಾತು ಬಂದದ್ದರಿಂದ ನನ್ನ ಬಳಿಯಿರುವ ಪಟದ ಕತೆಯನ್ನು ಹೇಳುತ್ತೇನೆ. ನೇಯ್ದ ಚಿತ್ರ ಎಂದರೇನು ಎಂಬುದು ಇದರಿಂದ ಸ್ಪಷ್ಟವಾಗಬಹುದು. ಕೊಡಗಿನ ಕಾಫಿ ತೋಟಗಳಿಗೆ ಬಂದ ಆಂಗ್ಲ ದೊರೆಗಳು ತಮ್ಮ ಬಂಗಲೆಗಳಲ್ಲಿ ಬಿಟ್ಟುಹೋದ ಸಾಮಾನು ಹಲವು ಕೈ ದಾಟಿ ಹರಾಜಿಗೆ ಬರುತ್ತಿರುತ್ತದೆ. ಅಂತಹ ಒಂದು ಹರಾಜಿನಲ್ಲಿ, ಮುರಿದ ಗಡಿಯಾರದ ಜೊತೆಗೆ, ಆರಿಂಚು ಉದ್ದ ಎರಡಿಂಚು ಎತ್ತರದ ಒಂದು ರೇಷ್ಮೆ ಪಟ ನನಗೆ ಸಿಕ್ಕಿತು. ಉಗಿಬಂಡಿಯೊಂದು ಹೊಗೆ ಕಾರುತ್ತಾ ಓಡುತ್ತಿದೆ. ಕೆಳಗೆ ‘ದ ಪ್ರೆಸೆಂಟ್ ಟೈಮ್’ ಎಂದೂ ಗಂಟೆಗೆ 60 ಮೈಲಿ ಎಂದೂ ಇಂಗ್ಲಿಷಿನಲ್ಲಿ ಬರೆದಿದೆ. ಹಲವು ವರ್ಷ ನಾನದನ್ನು ಬಣ್ಣದ ಅಚ್ಚು ಎಂದೇ ತಿಳಿದಿದ್ದೆ.

ಇದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಥಾಮಸ್ ಸ್ಟೀವನ್ಸ್ ಎಂಬಾತನ ಮಗ್ಗದಲ್ಲಿ ತಯಾರಾದದ್ದು. ಸಂಗ್ರಾಹಕರು ಇವನ್ನು ಸ್ಟೀವನ್‌ಗ್ರಾಫ್ ಎನ್ನುತ್ತಾರೆ. ಕವೆಂಟ್ರಿ ರೇಷ್ಮೆ ರಿಬ್ಬನ್ನಿನ ಊರು. 1860ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ವಾಣಿಜ್ಯ ಒಪ್ಪಂದವಾಗಿ ಫ್ರೆಂಚ್ ರಿಬ್ಬನ್ನು ಸುಂಕವಿಲ್ಲದೆ ಒಳಬಂದಾಗ ಅಲ್ಲಿನ ನೇಕಾರರ ಬದುಕು ಕುಸಿಯಿತು. ಊರು ಬಿಟ್ಟು ಹೋದವರೆಷ್ಟೋ. ಸ್ಟೀವನ್ಸ್ ಮಾತ್ರ ಅದೇ ರಿಬ್ಬನ್ ಮಗ್ಗಕ್ಕೆ ಬೇರೆ ಕೆಲಸ ಹುಡುಕಿದ: 1862ರ ಹೊತ್ತಿಗೆ ಪುಸ್ತಕದ ಪುಟ ಗುರುತಿನ ಪಟ್ಟಿಗಳನ್ನು ಚಿತ್ರಸಹಿತವಾಗಿ ನೇಯಿಸಿದ, 1879ರಲ್ಲಿ ಯಾರ್ಕ್ ನಗರದ ಪ್ರದರ್ಶನಕ್ಕೆ ಮಗ್ಗವನ್ನೇ ಒಯ್ದು ಜನರ ಕಣ್ಣೆದುರಿಗೆ ಕಟ್ಟು ಹಾಕುವಂತಹ ಚಿತ್ರಗಳನ್ನು ನೇಯಿಸಿ ಮಾರಿದ. ಕುದುರೆ ಸಾರೋಟು, ಕುದುರೆ ಪಂದ್ಯ, ದೋಣಿ ಪಂದ್ಯ, ರಾಜಮನೆತನದವರ ಮುಖಗಳು ಎಲ್ಲವೂ ಬಂದವು. 1940ರ ನವೆಂಬರ್ 14ರ ರಾತ್ರಿಯ ಬಾಂಬ್ ದಾಳಿಯಲ್ಲಿ ಆ ಕಾರ್ಖಾನೆ ನಾಶವಾಯಿತು. ಇಂದು ಕವೆಂಟ್ರಿಯ ಹರ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇವುಗಳ ಸಂಗ್ರಹವಿದೆ.

ಈ ಮಗ್ಗಗಳನ್ನು ನಡೆಸಿದ್ದು ಜಕಾರ್ಡ್ ಯಂತ್ರ. ಸೀರೆಯ ಸೆರಗು ನೇಯುವುದನ್ನು ನೋಡಿದವರಿಗೆ ಆ ತೂತು ಕೊರೆದ ರಟ್ಟುಗಳ ಸರಮಾಲೆ ಪರಿಚಿತವೇ. ಒಂದೊಂದು ಹೊಕ್ಕಿನ ಎಳೆಗೂ ಒಂದೊಂದು ರಟ್ಟು; ತೂತಿರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗುಳಿಯುತ್ತದೆ. 1839ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಕಾರ್ಡನದೇ ಮುಖವನ್ನು ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ರಟ್ಟುಗಳು ಬೇಕಾದವಂತೆ. ಗಣಕದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಆ ಪಟದ ಒಂದು ಪ್ರತಿಯನ್ನು ತನ್ನ ಮನೆಯಲ್ಲಿಟ್ಟುಕೊಂಡು, ಬಂದವರಿಗೆಲ್ಲ ಇದು ಅಚ್ಚೋ ನೇಯ್ಗೆಯೋ ಹೇಳಿ ನೋಡೋಣ ಎಂದು ಕೇಳುತ್ತಿದ್ದ. ಆದ್ದರಿಂದ ನಾನು ಮೋಸ ಹೋದದ್ದಕ್ಕೆ ನಾಚಿಕೆಯೇನಿಲ್ಲ.

ಗುರುತು ಹಿಡಿಯುವುದು ಸುಲಭ. ಭೂತಗನ್ನಡಿಯಲ್ಲಿ ನೋಡಿದರೆ ನೇಯ್ದ ಚಿತ್ರದ ಪ್ರತಿಯೊಂದು ಅಂಚೂ ಅತಿಸಣ್ಣ ಮೆಟ್ಟಿಲುಗಳಂತೆ ಏರಿಳಿಯುತ್ತದೆ, ಏಕೆಂದರೆ ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಮಾತ್ರ ಹೋಗಬಲ್ಲವು, ಓರೆಯಾಗಿ ಹೋಗಲಾರವು. ಹಿಂಬದಿಯಲ್ಲಿ, ಮುಂದೆ ಕಾಣದ ಬಣ್ಣಗಳ ಎಳೆಗಳೆಲ್ಲ ಅಡ್ಡಡ್ಡ ಪಟ್ಟಿಗಳಾಗಿ ತೇಲುತ್ತಿರುತ್ತವೆ. ನಿಮ್ಮ ಹುಲಿಯ ರೋಮ ಓರೆಯಾಗಿ ಹೊರಳುತ್ತಿದ್ದರೆ ಅದು ಮಗ್ಗದ ಕೆಲಸವಲ್ಲ.

ಮಂಜು ಮುಸುಕು (ಮಡಿಕೇರಿ) ಅವರ ಉತ್ತರ

ಅಜ್ಜ ಜಪಾನಿನಲ್ಲಿದ್ದರೆಂಬ ಮಾತಿಗೆ ಇತಿಹಾಸದ ಬೆಂಬಲ ಖಂಡಿತ ಇದೆ. ನಮ್ಮ ಜನರಲ್ ತಿಮ್ಮಯ್ಯನವರೇ ಆಗ 268ನೇ ಭಾರತೀಯ ಕಾಲಾಳು ಬ್ರಿಗೇಡಿನ ಮುಖ್ಯಸ್ಥರಾಗಿ ಜಪಾನಿನಲ್ಲಿದ್ದರು. ಅವರು ಬೆಳೆದ ಮನೆ ಸನ್ನಿಸೈಡ್ ಈಗ ಮಡಿಕೇರಿಯಲ್ಲಿ ವಸ್ತುಸಂಗ್ರಹಾಲಯವಾಗಿದೆ. ಆ ಕಾಲವನ್ನು ತಿಳಿಯಲು ಒಮ್ಮೆ ಹೋಗಿ ಬನ್ನಿ.

ಎಳೆ ರೇಷ್ಮೆಯೋ ಅಲ್ಲವೋ ಎಂಬುದಕ್ಕೆ ನನ್ನ ತಾಯಿ ಹೇಳುತ್ತಿದ್ದ ಉಪಾಯ: ತುದಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟಂತೆ ಉರಿದರೆ ರೇಯಾನ್, ಎಂದರೆ ಕೃತಕ ರೇಷ್ಮೆ. ಕರಗಿ ಮಣಿಯಂತಾದರೆ ಪಾಲಿಯೆಸ್ಟರ್. ನೀವೂ ಒಂದು ಎಳೆ ಕಿತ್ತು ನೋಡಬಹುದಲ್ಲ?

ವಿಷಯಕ್ಕೆ ಹತ್ತಿರದ್ದೇ ಆದ್ದರಿಂದ ಕೇಳುತ್ತೇನೆ: ನಮ್ಮ ಮನೆಯಲ್ಲಿ ರವಿವರ್ಮನ ಲಕ್ಷ್ಮಿಯ ಅಚ್ಚಿನ ಪಟವೊಂದಿದೆ, ಅದಕ್ಕೆ ನಿಜವಾದ ರೇಷ್ಮೆ ಚೂರು, ಜರಿ, ಮಣಿಗಳನ್ನು ಅಂಟಿಸಿ ಸೀರೆ ಉಡಿಸಿದ್ದಾರೆ. ಅದನ್ನೂ ರೇಷ್ಮೆ ಪಟ ಎನ್ನಬಹುದೇ?

ಎಳೆಗಣ್ಣು (ಮೈಸೂರು) ಅವರ ಉತ್ತರ

ಮಂಜು ಅವರೇ, ನಿಮ್ಮ ತಾಯಿಯವರ ಪರೀಕ್ಷೆ ತಪ್ಪಲ್ಲ, ಸೀರೆ ಕೊಳ್ಳುವಾಗ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಆದರೆ ಹಳೆಯ ಪಟದಿಂದ ಎಳೆ ಕೀಳುವುದು ಬೇಡ. ಹುರಿಯಿಲ್ಲದ ಎಳೆಯ ಕಸೂತಿಯಲ್ಲಿ ಒಂದನ್ನು ಎಳೆದರೆ ಪಕ್ಕದ ಹತ್ತು ಸಡಿಲವಾಗುತ್ತವೆ. ಚೌಕಟ್ಟಿನ ತಳದಲ್ಲಿ ತಾನಾಗಿ ಬಿದ್ದಿರುವ ಒಂದು ಚೂರನ್ನು ಹತ್ತಿರದ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ರೇಷ್ಮೆಯ ಎಳೆ ಗಾಜಿನ ಕಡ್ಡಿಯಂತೆ ನುಣುಪಾಗಿ ಕಾಣುತ್ತದೆ, ರೇಯಾನಿನ ಮೇಲೆ ಉದ್ದಕ್ಕೂ ಗೀರುಗಳಿರುತ್ತವೆ. 1930ರ ದಶಕದ ಕೊನೆಗೆ ಜಪಾನ್ ರೇಯಾನ್ ತಯಾರಿಕೆಯಲ್ಲಿ ಜಗತ್ತಿನ ಮುಂಚೂಣಿಗೆ ಬಂದಿದ್ದರಿಂದ ಈ ಪರೀಕ್ಷೆಗೆ ಅರ್ಥವಿದೆ. ನಿಮ್ಮ ಲಕ್ಷ್ಮಿಯ ಪಟ ಬೇರೆ ಜಾತಿಯದು: ರವಿವರ್ಮ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಅಚ್ಚಿನ ಪಟಗಳು ಮನೆಮನೆಗೆ ಬಂದವು, ಅವಕ್ಕೆ ಬಟ್ಟೆ ಉಡಿಸುವ ರೂಢಿಯೂ ಹಬ್ಬಿತು. ಕಾಗದ, ಅಂಟು, ಬಟ್ಟೆ ಮೂರೂ ಕೂಡಿರುವ ಅದರ ಕಷ್ಟಗಳಿಗೆ ಬೇರೆಯೇ ಚರ್ಚೆ ಬೇಕು.

ಈಗ ತೊಳೆಯುವ ಮಾತು. ನನ್ನದೇ ತಪ್ಪನ್ನು ಹೇಳುತ್ತೇನೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಮನೆಯವರ ಪರಿಚಯದ ಒಬ್ಬರು ಹಳೆಯ ಚೇಲೆಯೊಂದನ್ನು ತಂದುಕೊಟ್ಟರು. ಕೊಡವ ಗಂಡಸರ ನಿಲುವಂಗಿಯಾದ ಕುಪ್ಯದ ಮೇಲೆ ಸುತ್ತುವ ಆ ಕೆಂಪು ರೇಷ್ಮೆ ಪಟ್ಟಿಗೆ ಮದುವೆಯೂಟದ ಕಲೆಯಾಗಿತ್ತು. ಅಂಟುವಾಳದ ನೊರೆ ಸೌಮ್ಯವೆಂದು ನಂಬಿ ತಣ್ಣೀರಿನಲ್ಲೇ ಅದ್ದಿದೆ. ನಿಮಿಷದೊಳಗೆ ಬಾನಿ ಕೆಂಪಾಯಿತು, ಕೆಂಪು ಹರಿದು ಜರಿಯ ಕಸೂತಿಯ ಕೆಳಗಿನ ಬಿಳಿ ನೂಲಿಗೆ ಹತ್ತಿತು. ಎತ್ತುವಾಗ ನೀರಿನ ಭಾರಕ್ಕೆ, ವರ್ಷಗಟ್ಟಲೆ ಮಡಿಸಿಟ್ಟಿದ್ದ ಗೆರೆಯ ಉದ್ದಕ್ಕೂ ಬಟ್ಟೆ ಬಿರಿಯಿತು. ಅವರ ಮುಂದೆ ನಿಂತ ಆ ಸಂಜೆ ಇಂದಿಗೂ ನೆನಪಿದೆ.

ಹಳೆಯ ರೇಷ್ಮೆ ಹೀಗೆ ಬಿರಿಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಗೂಡಿನಿಂದ ಬಿಚ್ಚಿದ ನೂಲಿನ ಮೇಲೆ ಸಹಜವಾದ ಅಂಟೊಂದಿರುತ್ತದೆ. ಬೇಯಿಸಿ ಅದನ್ನು ತೆಗೆದಾಗ ನೂಲಿನ ತೂಕ ಕಾಲುಭಾಗದಷ್ಟು ಇಳಿಯುತ್ತದೆ. ತೂಕದ ಲೆಕ್ಕದಲ್ಲಿ ಮಾರುವ ವ್ಯಾಪಾರಿಗೆ ಇದು ನಷ್ಟ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ, ಹೋದ ತೂಕವನ್ನು ತವರದ ಲವಣಗಳಿಂದ ತುಂಬಿಸುವ ಪದ್ಧತಿ ಯುರೋಪು, ಅಮೆರಿಕಗಳಲ್ಲಿ ಬಹಳ ನಡೆಯಿತು. ಅಂತಹ ರೇಷ್ಮೆ ಹೊಸದಾಗಿದ್ದಾಗ ಜೋಲು ಬಿದ್ದು ಸೊಗಸಾಗಿರುತ್ತದೆ, ಹಳತಾದ ಮೇಲೆ ಒಣಗಿದ ಬಾಳೆಲೆಯಂತೆ ಸಾಲುಸಾಲಾಗಿ ಸೀಳುತ್ತದೆ. ಇದನ್ನು ಹಿಂದಕ್ಕೆ ತರುವ ಮದ್ದಿಲ್ಲ. ನಿಮ್ಮ ಪಟದ ನೆಲದ ಬಟ್ಟೆಯಲ್ಲಿ ಸಮಾನಾಂತರ ಸೀಳುಗಳಿವೆಯೇ ನೋಡಿ.

ತೊರೆಯ ನೀರೋ ಆಕಾಶವೋ ಹೊಲಿಯದೆ ಬಣ್ಣ ಬಳಿದದ್ದಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡ್, ಅಮೆರಿಕದ ಶಾಲೆಗಳಲ್ಲಿ ಹೆಣ್ಣುಮಕ್ಕಳು ಹೊಲಿಯುತ್ತಿದ್ದ ರೇಷ್ಮೆ ಪಟಗಳಲ್ಲಿ ಬಟ್ಟೆ, ಮರ, ಹುಲ್ಲು ಸೂಜಿಯವು. ಮುಖ, ಕೈ, ಆಕಾಶ ಮಾತ್ರ ನೀರುಬಣ್ಣದವು. ಒಂದು ಹನಿ ನೀರು ಬಿದ್ದರೂ ಅಲ್ಲಿ ಮುಖ ಉಳಿಯುವುದಿಲ್ಲ.

ಲ್ಯಾಮಿನೇಷನ್ ಎಂದರೆ ಬಿಸಿ, ಒತ್ತಡ, ಪ್ಲಾಸ್ಟಿಕ್ಕು; ಹೊಲಿಗೆಯ ಉಬ್ಬು ಚಪ್ಪಟೆಯಾಗಿ, ಎಳೆಗಳ ಹೊಳಪು ಸತ್ತು, ಒಳಗಿನ ತೇವ ಒಳಗೇ ಉಳಿಯುತ್ತದೆ. ಅದನ್ನು ಮಾಡಿಸುವ ಬದಲು ಪಟದ ಫೋಟೊ ತೆಗೆಸಿ ಫೋಟೊಗೇ ಲ್ಯಾಮಿನೇಷನ್ ಮಾಡಿಸಿದರೆ ಖರ್ಚೂ ಕಡಿಮೆ.

ಸದ್ಯಕ್ಕೆ ನಿಮ್ಮ ಕೈಯಲ್ಲಾಗುವುದು ಇಷ್ಟು. ಬೂಷ್ಟು ಬೆಳೆಯಬೇಕಾದರೆ ಗಾಳಿಯ ತೇವಾಂಶ ಶೇಕಡಾ 65ರಿಂದ 70ನ್ನು ದಾಟಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾಟದ ದಿನವೇ ಅಪರೂಪ. ಪಟವನ್ನು ಹೊರಗೋಡೆಗೆ ನೇತುಹಾಕಲೇಬೇಡಿ. ಒಳಗೋಡೆಯಲ್ಲೂ ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಬೆರಳು ದಪ್ಪದ ಬಿರಡೆಯ ಚೂರುಗಳನ್ನು ಇಟ್ಟು ಗಾಳಿ ಆಡುವಂತೆ ಮಾಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಡುವವರಿದ್ದಾರೆ. ಹೊಗೆಯ ಮಸಿ ರೇಷ್ಮೆಯಿಂದ ಹೋಗುವುದಿಲ್ಲ. ನುಸಿಗುಳಿಗೆಯನ್ನು ಚೌಕಟ್ಟಿನೊಳಗೆ ಹಾಕಬೇಡಿ. ಬಜೆಯನ್ನೋ ಲವಂಗವನ್ನೋ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಬಹುದು, ರೇಷ್ಮೆಗೆ ತಾಗದಂತೆ. ಬೆಳಕಿನ ಹೊಡೆತಕ್ಕೆ ಹತ್ತಿ, ಉಣ್ಣೆಗಿಂತ ರೇಷ್ಮೆಯೇ ಬೇಗ ಸೋಲುವುದು. ವಸ್ತುಸಂಗ್ರಹಾಲಯಗಳಲ್ಲಿ ಅದಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಕೊಡುವುದಿಲ್ಲ. ನಡುಬಾಡೆಯ ಕತ್ತಲೆ ನಿಮ್ಮ ಹುಲಿಯನ್ನು ಇಷ್ಟು ದಿನ ಕಾಪಾಡಿದೆ ಎಂದೇ ನನ್ನ ಅನಿಸಿಕೆ.

ಒಂದು ಒಣ ದಿನ ನೋಡಿ, ಪಟವನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಹಿಂದಿನ ಹಲಗೆಯನ್ನಷ್ಟೇ ಬಿಚ್ಚಿ, ಕಂಡದ್ದನ್ನು ಇಲ್ಲಿ ಬರೆಯಿರಿ. ಬಟ್ಟೆಯನ್ನು ಮುಟ್ಟಬೇಡಿ.

ನಡುಬಾಡೆ (ವಿರಾಜಪೇಟೆ) ಮರಳಿ ಬರೆದದ್ದು

ಎಲ್ಲರಿಗೂ ಧನ್ಯವಾದಗಳು. ಮಳೆ ಬಿಟ್ಟ ಮೇಲೆ, ನಾಲ್ಕು ದಿನ ಚೆನ್ನಾಗಿ ಬಿಸಿಲು ಬಿದ್ದ ಬಳಿಕ, ನಿನ್ನೆ ದೊಡ್ಡಪ್ಪನ ಎದುರಿಗೇ ಹಲಗೆ ಬಿಚ್ಚಿದೆ. ಚೌಕಟ್ಟು ನಮ್ಮ ಕಡೆಯ ಬೀಟೆ ಮರದ್ದು, ಮೊಳೆಗಳೂ ಇಲ್ಲಿಯವೇ. ಎಂದರೆ ಅಜ್ಜ ತಂದದ್ದು ಬರಿಯ ಬಟ್ಟೆಯನ್ನು. ಪಟದ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದು ಮಡಿಕೆಯ ಗೆರೆ ಇರುವುದು ಆಗ ಕಾಣಿಸಿತು. ಸೈನಿಕನ ಪೆಟ್ಟಿಗೆಯಲ್ಲಿ ಮಡಿಸಿ ತಂದಿರಬೇಕು. ಹಲಗೆಯ ಮೇಲೆ ಚೀಟಿಯೊಂದು ಇದ್ದ ಜಾಗದಲ್ಲಿ ಅಂಟಿನ ಚೌಕ ಮಾತ್ರ ಉಳಿದಿದೆ, ಕಾಗದವನ್ನು ಹುಳ ತಿಂದಿದೆ. ಅದು ಇಲ್ಲಿನ ಕಟ್ಟಿನ ಅಂಗಡಿಯ ಚೀಟಿಯೇ ಆಗಿದ್ದೀತು.

ಆದರೆ ಹಿಂಬದಿಯನ್ನು ನೋಡಿ ನಾವಿಬ್ಬರೂ ಸುಮ್ಮನೆ ನಿಂತುಬಿಟ್ಟೆವು. ಮುಂದೆ ಬೂದುಬಣ್ಣವಾಗಿದ್ದ ಮೂರು ಹೂವುಗಳು ಹಿಂದೆ ಕಡು ನೇರಳೆ. ಬಿದಿರು ಎಲೆಗಳು ಮುಂದೆ ಒಣಹುಲ್ಲಿನಂತಿದ್ದರೆ ಹಿಂದೆ ಹಸಿರು, ಅದರಲ್ಲೂ ಮೂರು ಬಗೆಯ ಹಸಿರು. ಎಳೆಗಳ ಗಂಟುಗಳು, ಒಂದು ಎಲೆಯಿಂದ ಇನ್ನೊಂದು ಎಲೆಗೆ ಹಾರಿದ ನೂಲು ಎಲ್ಲವೂ ಕಾಣುತ್ತವೆ. ಹುಲಿಯ ಕಣ್ಣಿನ ಹಿಂದೆ ಮಾತ್ರ ಹೊಲಿಗೆ ಎಷ್ಟು ಒತ್ತಾಗಿದೆಯೆಂದರೆ ಬೆರಳುಗುರಿನಷ್ಟು ಜಾಗ ಗುಂಡಿಯಂತೆ ಗಟ್ಟಿಯಾಗಿ ಉಬ್ಬಿದೆ. ಮುಖ ಬೆಕ್ಕಿನದಲ್ಲ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು, ಆದರೆ ಕಿವಿ ಸ್ವಲ್ಪ ದೊಡ್ಡದಾಯಿತಂತೆ.

ತಳದಲ್ಲಿ ಬಿದ್ದಿದ್ದ ಕಿತ್ತಳೆ ಎಳೆಯ ಚೂರನ್ನು ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು, ಗೀರುಗಳಿಲ್ಲ, ನುಣುಪಾಗಿದೆ. ನೆಲದ ಬಟ್ಟೆಯಲ್ಲಿ ಸೀಳುಗಳು ಕಾಣಲಿಲ್ಲ. ತೊರೆಯ ನೀರು ಹೊಲಿದದ್ದಲ್ಲ, ಬಳಿದದ್ದು. ಹಾಗಾದರೆ ಇದು ಎಷ್ಟು ಹಳೆಯದು? ಕೆನಡಾದ ಅಣ್ಣನಿಗೆ ಏನು ಹೇಳಲಿ? ದೊಡ್ಡಪ್ಪನಿಗಂತೂ ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಪಟ ನಡುಬಾಡೆಯಲ್ಲಿ ಇರಲೇಬೇಕು.

ಎಳೆಗಣ್ಣು (ಮೈಸೂರು) ಅವರ ಉತ್ತರ

ನೇರಳೆ ಬಣ್ಣದ ಸುದ್ದಿ ಕೇಳಿ ಸಂತೋಷವಾಯಿತು. 1860ರ ದಶಕದಲ್ಲಿ ಬಂದ ಮೀಥೈಲ್ ವಯೊಲೆಟ್‌ನಂತಹ ರಾಸಾಯನಿಕ ನೇರಳೆಗಳು ಬೆಳಕಿಗೆ ಬೇಗ ಹಾರಿಹೋಗುತ್ತವೆ. ಬೇರಿನಿಂದ ತೆಗೆಯುವ ಜಪಾನಿನ ಹಳೆಯ ನೇರಳೆಯೂ ಹಾರುತ್ತದೆ. ಆದ್ದರಿಂದ ಇದು ವರ್ಷವನ್ನು ಹೇಳುವುದಿಲ್ಲ, ಪಟ ಮೊದಲು ಹೇಗಿತ್ತೆಂಬುದನ್ನು ಹೇಳುತ್ತದೆ. ಆದರೂ ಕೈಕೆಲಸ, ಶುದ್ಧ ರೇಷ್ಮೆ, ಉದುರುವ ಕಪ್ಪು, ಬಳಿದ ನೀರು ಇವೆಲ್ಲವನ್ನೂ ಕೂಡಿಸಿ ನೋಡಿದಾಗ, ಸೈನಿಕರಿಗೆ ಮಾರಲು 1946ರಲ್ಲಿ ಆತುರದಿಂದ ಹೊಲಿದ ಪಟವೆಂದು ನನಗೆ ಅನ್ನಿಸುವುದಿಲ್ಲ. ಅಜ್ಜ ಅದನ್ನು 1947ರಲ್ಲಿ ತಂದದ್ದೂ ನಿಜ, ಪಟ ಅದಕ್ಕಿಂತ ಹಲವು ದಶಕ ಹಳೆಯದಾಗಿರುವುದೂ ಸಾಧ್ಯ. ಸೋತ ಜಪಾನಿನಲ್ಲಿ ಆ ವರ್ಷಗಳಲ್ಲಿ ಅಕ್ಕಿಗಾಗಿ ಜನ ಮನೆಯ ರೇಷ್ಮೆಯನ್ನೆಲ್ಲ ಒಂದೊಂದಾಗಿ ಮಾರಿದರು. ಅದಕ್ಕೆ ಅವರು ಇಟ್ಟ ಹೆಸರು ‘ತಕೆನೊಕೊ’ ಬದುಕು, ಎಂದರೆ ಕಣಿಲೆಯ ಬದುಕು: ಸಿಪ್ಪೆ ಒಂದೊಂದೇ ಪದರವಾಗಿ ಬಿಚ್ಚಿ ಹೋಗುವಂತೆ ಮೈಮೇಲಿನ ಬಟ್ಟೆ ಹೋಗುವುದು. ಬೈಂಬಳೆ (ಕಣಿಲೆ) ಕರಿ ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಬೆಲೆಯ ಮಾತೆತ್ತದಿದ್ದಕ್ಕೆ ಅದೂ ಕಾರಣವಿದ್ದೀತು. ಇದು ನನ್ನ ಊಹೆ ಮಾತ್ರ.

ಕೆನಡಾದ ಅಣ್ಣನಿಗೆ ಹೀಗೆ ಹೇಳಿ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಯಸ್ಸು ಸಂಶಯದಲ್ಲಿದ್ದರೆ, ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆಯಬೇಕು. ಅದಿಲ್ಲದೆ ಸೂಟ್‌ಕೇಸಿನಲ್ಲಿ ಮಡಿಸಿ ಒಯ್ದರೆ ನಡುವಿನ ಗೆರೆಗೆ ಇನ್ನೊಂದು ಗೆರೆ ಸೇರುತ್ತದೆ, ಜೊತೆಗೆ ಮೊಕದ್ದಮೆಯೂ.

ಪಟವನ್ನು ಮೈಸೂರಿಗೆ ತರುವುದು ಒಳ್ಳೆಯದು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಇಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಸಂಸ್ಥೆಯಾದ ಇನ್‌ಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಮೊದಲು ಪತ್ರ ಬರೆದು, ಫೋಟೊಗಳನ್ನು ಕಳಿಸಿ, ಅವರು ಬಟ್ಟೆಯ ಕೆಲಸವನ್ನು ಈಗ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿಕೊಂಡು ಹೊರಡಿ. ಕಟ್ಟು ಹಾಕುವಾಗ ನಿಮಗೆ ತಿಳಿದಿರಬೇಕಾದದ್ದು ಇಷ್ಟೇ: ಪಟವನ್ನು ಅಂಟಿಸಬಾರದು, ಒಗೆದು ಗಂಜಿ ತೆಗೆದ ಹತ್ತಿ ಬಟ್ಟೆಗೆ ಅಂಚಿನಲ್ಲಿ ಹೊಲಿದು ಹಲಗೆಗೆ ಎಳೆದು ಕಟ್ಟಬೇಕು, ಹಲಗೆ ಆಮ್ಲವಿಲ್ಲದ ರಟ್ಟಿನದಾಗಿರಬೇಕು, ಪ್ಲೈವುಡ್ ಅಲ್ಲ, ಗಾಜು ಹೊಲಿಗೆಗೆ ತಾಗದಂತೆ ನಡುವೆ ಪಟ್ಟಿ ಕೊಡಬೇಕು. ಬೀಟೆಯ ಚೌಕಟ್ಟನ್ನು ಉಳಿಸಿಕೊಳ್ಳಿ, ಅದೂ ಈಗ ಪಟದ ಚರಿತ್ರೆಯೇ. ಹುತ್ತರಿಗೆ ದೊಡ್ಡಪ್ಪನವರ ಆಸೆ ಖಂಡಿತ ನಡೆಯಲಿ: ಹಿಂಬದಿಯ ಹಲಗೆಯನ್ನು ಹಗುರವಾಗಿ ಮುಚ್ಚಿ, ದೀಪದಿಂದ ದೂರದ ಒಳಗೋಡೆಯಲ್ಲಿ ಹಬ್ಬ ಮುಗಿಯುವವರೆಗೆ ತೂಗುಹಾಕಿ. ಆಗ ಹವೆಯೂ ಒಣಗಿರುತ್ತದೆ.

ತರುವಾಗ ನೆಟ್ಟಗೆ ನಿಲ್ಲಿಸಿ ತರಬೇಡಿ, ಕಪ್ಪು ಎಳೆಗಳು ದಾರಿಯುದ್ದಕ್ಕೂ ಉದುರುತ್ತವೆ. ಮುಖ ಮೇಲಾಗಿ, ಅಡ್ಡಲಾಗಿ ಮಲಗಿಸಬೇಕು. ಗೋಣಿಕೊಪ್ಪಲಿನಿಂದ ಹುಣಸೂರಿನವರೆಗಿನ ಉಬ್ಬುಗಳನ್ನು ನೆನೆದು ಕೆಳಗೆ ದಪ್ಪ ಕಂಬಳಿಯನ್ನು ಎರಡು ಮಡಿಕೆ ಹಾಕಿ. ಹೊರಡುವ ಮುನ್ನ ಕಾರಿನ ಹಿಂದಿನ ಸೀಟನ್ನು ಅಳೆದುಕೊಳ್ಳಿ: ಚೌಕಟ್ಟು ಸೇರಿ ಎರಡೂವರೆ ಅಡಿಯಾಗುತ್ತದೆ. ಉದುರಿದ ಪುಡಿಯನ್ನು ಎಸೆಯದೆ ಕಾಗದದ ಲಕೋಟೆಯಲ್ಲಿ ಹಾಕಿ ಅದನ್ನೂ ತನ್ನಿ.